ಗಿಳಿಯ ಹೊಟ್ಟೆಗೆ ಗಣಿಯ ಪುಡಿ

ಹಕ್ಕಿ ಸಾಕುವ ವಿಷಯದಲ್ಲಿ ನನಗೆ ಮೊದಲಿನಿಂದಲೂ ಅಪಾರ ಜ್ಞಾನ. ಸಾಕಿರಲಿಲ್ಲ, ಅಷ್ಟೇ. ನಮ್ಮ ಗಣಿಯ ಇಂಗ್ಲಿಷ್ ದೊರೆಯೊಬ್ಬರು ಕೆಲಸ ಬಿಟ್ಟು ಸೀಮೆಗೆ ಹೊರಟಾಗ ಅವರ ಬಟ್ಲರ್ ಅಂತೋಣಿ ಪಂಜರ ಹಿಡಿದುಕೊಂಡು ಹಾಜರಿ ಬರೆಯುವ ನಮ್ಮ ಟೈಮ್ ಆಫೀಸಿಗೆ ಬಂದ. "ಲವ್ ಬರ್ಡ್ಸು ಯಾರಿಗೆ ಬೇಕು ಸಾರ್?" ಎಂದ. ಅಷ್ಟು ಜನ ಗುಮಾಸ್ತರಲ್ಲಿ ಮೊದಲು ಕೈ ಎತ್ತಿದವನು ನಾನು.

ಪಂಜರದಲ್ಲಿ ಗುಬ್ಬಚ್ಚಿ ಗಾತ್ರದ ಎರಡು ಗಿಳಿಗಳು. ಒಂದು ಹಸಿರು, ಒಂದು ನೀಲಿ.

"ನವಣೆ ಆಕಿ ಸಾರ್. ಜೊತೆಗೆ ಸಣ್ಣ ಮರಳು ಇಡಿ. ಬಾಯಾಗೆ ಅಲ್ಲುಗಳಿಲ್ಲ ನೋಡಿ, ಮರಳಿನ ಜೊತೆ ಒಟ್ಟೆನಾಗೇ ಕಾಳು ಅರ್ಕೋಬೇಕು," ಎಂದು ಹೇಳಿ ಅಂತೋಣಿ ಕಣ್ಣೊರೆಸಿಕೊಂಡು ಹೋದ.

ಆಂಡರ್ಸನ್‌ಪೇಟೆಯ ನಮ್ಮ ಮನೆಗೆ ಬಂದ ಸಂಜೆಯೇ ನನ್ನ ಹೆಂಡತಿ ವೆಂಕಟಮ್ಮ ಅವಕ್ಕೆ ಮನಸೋತಳು. ದೊರೆಯ ಬಂಗಲೆಯಲ್ಲಿ ಯಾವ ಇಂಗ್ಲಿಷ್ ಹೆಸರಿತ್ತೋ ಏನೋ, ದೀಪ ಹಚ್ಚುವಷ್ಟರಲ್ಲಿ ಹಸಿರಿನದು ಮುನಿಯ, ನೀಲಿಯದು ಮುನಿಯಮ್ಮ ಆಗಿದ್ದವು.

ಮೂರನೆಯ ದಿನ ಮುನಿಯ ಗರಿ ಉಬ್ಬಿಸಿಕೊಂಡು ಮೂಲೆ ಹಿಡಿದ. ನವಣೆ ಮುಟ್ಟಲಿಲ್ಲ. ವೆಂಕಟಮ್ಮನೂ ಅನ್ನ ಮುಟ್ಟಲಿಲ್ಲ.

"ಮರಳು ಇಕ್ಕಲೇ ಇಲ್ವಲ್ರೀ ನೀವು. ಬೇತಮಂಗಲಕ್ಕೆ ಬಸ್ಸಿನೋರ ಕೈಲಿ ನಮ್ಮಣ್ಣಂಗೆ ಯೇಳಿ ಕಳಿಸ್ತೀನಿ. ಕೆರೆ ಮರಳು ತತ್ತಾನೆ."

ನನಗೆ ನಗು ಬಂತು. "ಸೀಮೆ ಗಿಳಿಗೆ ಕೆರೆ ಮರಳಾ? ನಮ್ ಗಣಿ ಮಿಲ್ಲಿನ ಇಂದ್ಗಡೆ ಮೆಷಿನ್ನಲ್ಲಿ ಅರೆದ ಕಲ್ಲುಪುಡಿ ರಾಶಿ ಬಿದ್ದೈತೆ. ನಾಳೆ ತತ್ತೀನಿ, ಸುಮ್ಕಿರು."

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮದು ಚಿನ್ನದ ಗಣಿ. ಕೆಲಸ ಮುಗಿಸಿ ಹೊರಡುವ ಪ್ರತಿಯೊಬ್ಬನನ್ನೂ ಗೇಟಿನಲ್ಲಿ ತಡವಿ ನೋಡಿಯೇ ಬಿಡುತ್ತಿದ್ದರು. ಪೇಟ ಬಿಚ್ಚಬೇಕು, ಚಪ್ಪಲಿ ಕೊಡವಬೇಕು. ಹನ್ನೆರಡು ವರ್ಷ ದಿನವೂ ಕೈ ಎತ್ತಿ ನಿಂತು ತಡವಿಸಿಕೊಂಡವನು ನಾನು. ಆದರೆ ಆ ದಿನ ಆ ಗೇಟು ನನ್ನ ತಲೆಗೇ ಬರಲಿಲ್ಲ. ತಲೆಯ ತುಂಬ ಮುನಿಯನ ಹೊಟ್ಟೆಯೇ ಇತ್ತು.

ಮಧ್ಯಾಹ್ನ ಊಟವಾದ ಮೇಲೆ ರಾಶಿಯಿಂದ ನುಣುಪಾದ ಪುಡಿ ಆರಿಸಿ ಟಿಫಿನ್ ಕ್ಯಾರಿಯರಿನ ತಳದ ಡಬ್ಬಿಗೆ ತುಂಬಿದೆ. ಧೂಳು ಹಾರದಿರಲೆಂದು ಅದರ ಮೇಲೆ ಮುತ್ತುಗದ ಎಲೆ ಹಾಸಿ, ಉಳಿದಿದ್ದ ಅರ್ಧ ಮುದ್ದೆಯನ್ನು ಚೆನ್ನಾಗಿ ತಟ್ಟಿ ಮುಚ್ಚಿದೆ. ಎಂಥ ಅಚ್ಚುಕಟ್ಟು! ನುರಿತ ಕಳ್ಳನೂ ಇಷ್ಟು ನಾಜೂಕಾಗಿ ಮಾಡಿರಲಾರ.

ಗೇಟಿನ ತಮಿಳು ವಾಚರ್ ಮುದ್ದೆ ಎತ್ತಿದ. ಎಲೆ ಎತ್ತಿದ. "ಎನ್ನ ಸಾರ್ ಇದು?"

"ಗಿಳಿಗೆ."

"ಗಿಳಿಗೆ ಮುದ್ದೆನಾ?"

"ಮುದ್ದೆ ನಂದು. ಪುಡಿ ಗಿಳೀದು."

ಅವನು ಸೀಟಿ ಊದಿದ.

ಕಾವಲು ಸಾಹೇಬರು ನನ್ನ ಕಥೆಯನ್ನು ಪೂರ್ತಿ ಕೇಳಿದರು. "ಕಲ್ಲು ತಿನ್ನೋ ಗಿಳಿನ ನಾನೂ ನೋಡಬೇಕು, ನಡೀರಿ," ಎಂದು ಜೀಪು ಹತ್ತಿಸಿದರು. ನಾನು ಜೀಪಿನಲ್ಲಿ ಬಂದು ಇಳಿದದ್ದು ಕಂಡು ನನಗೆ ಬಡ್ತಿ ಸಿಕ್ಕಿತೆಂದುಕೊಂಡ ಅಕ್ಕಪಕ್ಕದವರು ಎದ್ದು ನಿಂತರು. ನಾನೂ ಅಭ್ಯಾಸವಿಲ್ಲದಿದ್ದರೂ ಅವರಿಗೆ ನಮಸ್ಕಾರ ಮಾಡಿಬಿಟ್ಟೆ.

ಸಾಹೇಬರೇ ಒಂದು ಚಿಟಿಕೆ ಪುಡಿಯನ್ನು ಪಂಜರದೊಳಗೆ ಹಾಕಿದರು. ಮುನಿಯ ಇಳಿದು ಬಂದ. ಕತ್ತು ಓರೆ ಮಾಡಿ ನೋಡಿದ. ತಿರುಗಿ ನಿಂತು ಅದರ ಮೇಲೆಯೇ ಹಿಕ್ಕೆ ಹಾಕಿದ.

"ಏನಮ್ಮ, ನಿಮ್ಮ ಗಿಳಿ ಇದನ್ನ ತಿನ್ನುತ್ತಾ?"

ಸುಳ್ಳು ಹೇಳಿ ಗೊತ್ತಿಲ್ಲದವಳು ನನ್ನ ಹೆಂಡತಿ. "ಇಲ್ಲ ಸ್ವಾಮಿ. ಇವ್ರು ಕೆಲ್ಸಕ್ಕೆ ಓದ ಮ್ಯಾಲೆ ನಮ್ಮಣ್ಣ ಬೇತಮಂಗಲದಿಂದ ಮರಳು ತಂದ್ಕೊಟ್ಟ. ಅದ್ನ ತಿಂದು ಗೆಲುವಾಗೈತೆ. ನಾನು ರಾತ್ರೀನೇ ಯೇಳ್ದೆ. ಕೇಳ್ಬೇಕಲ್ಲ ಇವ್ರು."

ಪುಡಿ ಪರೀಕ್ಷೆಗೆ ಹೋಯಿತು. ಫಲಿತಾಂಶ ಬರುವ ತನಕ ನಾನು ಮನೆಯಲ್ಲೇ ಇರಬೇಕೆಂದು ಹುಕುಂ ಆಯಿತು. ಅದರಲ್ಲಿ ಚಿನ್ನದ ಒಂದು ಕಣ ಕಂಡರೂ ಕೆಲಸ ಹೋಯಿತು, ಮೇಲೆ ಜೈಲು. ನಿಜವಾಗಿ ಹೆದರಿದೆ. ಮುನಿಯ ಮುನಿಯಮ್ಮ ಮಾತ್ರ ಕೊಕ್ಕಿಗೆ ಕೊಕ್ಕು ಉಜ್ಜುತ್ತ ಬೆಳಗಿನಿಂದ ಸಂಜೆಯವರೆಗೆ ಹಾಡಿದವು. ಕತ್ತು ಹಿಸುಕೋಣವೆಂದು ಎರಡು ಸಲ ಎದ್ದೆ. ಎರಡು ಸಲವೂ ನವಣೆ ಹಾಕಿ ಬಂದು ಕೂತೆ.

ನಾಲ್ಕನೆಯ ದಿನ ಸಾಹೇಬರು ಕರೆಸಿದರು. ಎದುರಿಗೆ ಒಂದು ಕಾಗದವಿತ್ತು.

"ಇದರಲ್ಲಿ ಚಿನ್ನ ಎಳ್ಳಷ್ಟೂ ಇಲ್ಲ ಕಣ್ರೀ. ದಾರಿಗೆ ಹಾಕೋಕೆ ಅರೆದಿಟ್ಟ ಕಾಡುಕಲ್ಲು. ಪಕ್ಕದಲ್ಲೇ ಇನ್ನೊಂದು ರಾಶಿ ಇತ್ತಲ್ಲ, ಅದು ಚಿನ್ನದ ಅದಿರು. ಎಷ್ಟು ವರ್ಷದ ಸರ್ವೀಸು ನಿಮ್ಮದು?"

"ಹನ್ನೆರಡು, ಸಾರ್."

ಅವರು ಫೈಲಿನಲ್ಲಿ ಬರೆದು, ನನ್ನ ಮುಂದೆ ತಳ್ಳಿದರು. "ಹನ್ನೆರಡು ವರ್ಷದ ಸೇವೆಯ ನಂತರವೂ ಚಿನ್ನವಿರುವ ಕಲ್ಲಿಗೂ ಇಲ್ಲದ ಕಲ್ಲಿಗೂ ವ್ಯತ್ಯಾಸ ತಿಳಿಯದವರೆಂದು ಪರೀಕ್ಷೆಯಿಂದ ಸಾಬೀತಾಗಿರುವುದರಿಂದ, ಸದರಿ ನೌಕರರಿಂದ ಗಣಿಗೆ ಯಾವ ಅಪಾಯವೂ ಇಲ್ಲ. ಕೆಲಸದಲ್ಲಿ ಮುಂದುವರಿಸಬಹುದು."

ಓದಿ, ಒಪ್ಪಿಗೆಯಿದೆ ಎಂದು ರುಜು ಹಾಕಿದೆ.