ಕಾಗದದ ಗಂಡ

ನನ್ನ ಹೆಂಡತಿ ನನ್ನ ಹತ್ತಿರ ಮಾತೇ ಆಡುವುದಿಲ್ಲ ಎಂದರೆ ನನ್ನ ನಾಲಿಗೆಗೆ ಹುಳ ಬೀಳಲಿ. ಆಡುತ್ತಾಳೆ. ಆದರೆ ಎಲ್ಲವೂ ‘ರೀ’ ಎಂದು ಶುರುವಾಗಿ ‘ತನ್ನಿ’ ಎಂದು ಮುಗಿಯುವ ಮಾತು. “ರೀ, ನಲ್ಲಿ ಸೋರ್ತಿದೆ, ವಾಷರ್ ತನ್ನಿ.” “ರೀ, ಬಲ್ಬ್ ಹೋಯ್ತು, ಇನ್ನೊಂದು ತನ್ನಿ.” ನಾನೇನು ಸಾಚಾ ಅಲ್ಲ. ನನ್ನ ಕಡೆಯಿಂದ ಬರುವುದು ‘ಹ್ಞೂಂ’ ಎಂಬ ಏಕಾಕ್ಷರೀ ಮಹಾಕಾವ್ಯ. ಒಂದೇ ಮಂಚದ ಆ ಅಂಚಿನಲ್ಲಿ ಮಲಗಿದವಳಿಗಾಗಿ ಈ ಅಂಚಿನಲ್ಲಿ ಮಲಗಿ ಹಂಬಲಿಸುವ ಕಷ್ಟವನ್ನು ಯಾರ ಮುಂದೆ ಹೇಳಿಕೊಳ್ಳಲಿ?

ನಾನು ಅಚ್ಚುಕೂಟದಲ್ಲಿ ಯಂತ್ರ ನೋಡಿಕೊಳ್ಳುವವನು. ಬೇರೆ ಊರಿನಲ್ಲಿ ಹೊಸ ಶಾಖೆ ತೆರೆದಾಗ, ಯಂತ್ರ ಕೂರಿಸಿ ಕೆಲವು ತಿಂಗಳು ಅಲ್ಲೇ ಇರಲು ಯಾರು ಸಿದ್ಧ ಎಂದು ಯಜಮಾನರು ಕೇಳಿದರು. ತಲೆಯಲ್ಲಿ ಮಿಂಚು ಹೊಡೆಯಿತು. ದೂರ ಹೋದರೆ ಅವಳು ಕಾಗದ ಬರೆಯಲೇಬೇಕು! (ಆಗಿನ್ನೂ ನಮ್ಮ ಬೀದಿಗೆ ಫೋನು ಬಂದಿರಲಿಲ್ಲ.) ಎಲ್ಲರಿಗಿಂತ ಮೊದಲು ಕೈ ಎತ್ತಿದೆ.

“ಅಲ್ಲಿ ಊಟಕ್ಕೇನು ಮಾಡ್ತೀರಿ?” ಎಂದಳು ಇವಳು.

“ನೀನು ಕಾಗದ ಬರಿ.”

“ನಾನು ಊಟದ ವಿಷಯ ಕೇಳಿದ್ದು.”

ಮೊದಲ ಕಾಗದ ಬಂತು. ಆತುರದಿಂದ ಒಡೆದರೆ ಅಲ್ಲೂ ನಲ್ಲಿ ಸೋರುತ್ತಿತ್ತು! ಎರಡನೆಯದರ ಕೊನೆಯಲ್ಲಿ ಮಾತ್ರ ಒಂದು ಸಾಲು: “ನೀವಿಲ್ಲದಾಗ ನಾನು ಜೋರಾಗಿ ಹಾಡಿಕೊಳ್ಳುತ್ತೇನೆ. ನೀವಿದ್ದಾಗ ಹಾಡಿದರೆ ರೇಡಿಯೊ ಸಣ್ಣ ಮಾಡು ಅನ್ನುತ್ತೀರಿ.” ಮೂರನೆಯದನ್ನು ಓದಿ ನಾನು ಕುಳಿತಲ್ಲೇ ಕಲ್ಲಾದೆ. “ಸತ್ತ ಮೇಲೆ ಒಬ್ಬರಿಗೊಬ್ಬರ ಗುರುತು ಸಿಗುತ್ತದೆಯೇ ಎಂದು ನಿಮ್ಮನ್ನು ಎಷ್ಟೋ ಸಲ ಕೇಳಬೇಕೆನಿಸಿದೆ. ಬಾಯಿ ತೆರೆಯುವಷ್ಟರಲ್ಲಿ ನೀವು ತಟ್ಟೆ ಮುಂದಿಡುತ್ತೀರಿ.”

ಇಷ್ಟು ವರ್ಷ ನಮ್ಮ ಅಡುಗೆಮನೆಯಲ್ಲಿ ಒಬ್ಬ ತತ್ತ್ವಜ್ಞಾನಿ ನಿಂತಿದ್ದಳು. ನಾನು ಅವಳನ್ನು ಉಪ್ಪು ಕೇಳುತ್ತಿದ್ದೆ.

ಪೆನ್ನು ತೆಗೆದೆ. “ಗುರುತು ಸಿಗದಿದ್ದರೆ ನಿನ್ನ ಹಾಡಿನ ಜಾಡು ಹಿಡಿದು ಬರುತ್ತೇನೆ. ಇಲ್ಲಿನ ಅಂಗಡಿಯಲ್ಲಿ ನಿನ್ನ ಸೋಪೇ ಸಿಕ್ಕಿತು. ಮೈಗೆ ಹಚ್ಚಲು ಮನಸ್ಸಾಗದೆ ದಿಂಬಿನ ಕೆಳಗಿಟ್ಟುಕೊಂಡು ಮಲಗಿದೆ” ಎಂದು ಬರೆದೆ. (ಬರೆದವನು ನಾನೇ. ಓದಿ ನನ್ನ ಕಿವಿಯೇ ಕೆಂಪಾಯಿತು. ಆದರೂ ಅಂಚೆಗೆ ಹಾಕಿದೆ.)

ಅವಳ ಕಾಗದಗಳು ದಪ್ಪವಾಗುತ್ತ ಹೋದವು, ನಾನು ಸೊರಗುತ್ತ ಹೋದೆ. ಕಡೆಗೆ ತಡೆಯಲಾರದೆ ರಜೆ ಹಾಕಿ, ಹೇಳದೆ ಕೇಳದೆ ಊರಿನ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಏನೇನು ಹೇಳಬೇಕೆಂದು ಬಾಯಿಪಾಠ ಮಾಡಿಕೊಂಡೆ.

ಬಾಗಿಲು ತೆರೆದವಳ ಮುಖ ಅರಳಿತು. “ಅಯ್ಯೋ, ಬಂದ್ಬಿಟ್ರಾ!” ನನ್ನ ಎದೆ ತುಂಬಿ ಬಂತು. ಬಾಯಿಪಾಠ ಪೂರಾ ಮರೆತುಹೋಯಿತು. ಇಬ್ಬರೂ ಹೊಸಿಲ ಆಚೆ ಈಚೆ ನಿಂತೆವು.

“ಬಸ್ಸಲ್ಲಿ ಸೀಟು ಸಿಕ್ತಾ?” ಎಂದಳು.

“ಹ್ಞೂಂ” ಎಂದೆ.

ಮಾರನೆಯ ದಿನ ಅಂಚೆಯವನು ಬಂದ. ಹೊರಡುವ ಮುನ್ನ ನಾನು ಹಾಕಿದ್ದ ಕಾಗದ ಆಗ ತಲುಪಿತ್ತು. ಇವಳು ಸೆರಗಿಗೆ ಕೈ ಒರೆಸಿ ಅದನ್ನು ಇಸಿದುಕೊಂಡು, ಕೋಣೆಗೆ ಹೋಗಿ ಅಗುಳಿ ಹಾಕಿದಳು. ಒಳಗೆ ಕಿಸಕ್ಕನೆ ನಗು. ಆಮೇಲೆ ಮೂಗು ಏರಿಸಿದ ಸದ್ದು.

“ಲೇ, ಬಾಗಿಲು ತೆಗಿಯೇ! ಬರೆದವನು ಇಲ್ಲೇ ನಿಂತಿದ್ದೀನಿ. ಬಾಯಲ್ಲೇ ಹೇಳ್ತೀನಿ.”

“ಎಲ್ಲಿ, ಹೇಳಿ ನೋಡೋಣ.”

ಗಂಟಲು ಸರಿಮಾಡಿಕೊಂಡೆ. “ಅದೇ... ನೀನು... ಅಂದ್ರೆ ನಾನು...” ಗಾಡಿ ಮುಂದೆ ಹೋಗಲೇ ಇಲ್ಲ. ಜೀವಮಾನದಲ್ಲಿ ಇನ್ನೊಬ್ಬ ಗಂಡಸಿನ ಮೇಲೆ ನಾನು ಅಷ್ಟು ಹೊಟ್ಟೆಕಿಚ್ಚುಪಟ್ಟಿರಲಿಲ್ಲ.

ಒಳಗೆ ಹಾಳೆ ಮಗುಚಿದ ಸದ್ದಾಯಿತು.

“ಒಂದು ಗಳಿಗೆ ಸುಮ್ನಿರ್ತೀರಾ? ನಮ್ಮೋರ ಕಾಗದ ಓದ್ತಿದ್ದೀನಿ.”