ಸ್ಟೋನ್‌ವಾಶ್ ಆದ ಗ್ರಾಫಿಕ್ಸ್ ಕಾರ್ಡು

ಸೋತವನ ಮಾತಿಗೆ ಬೆಲೆಯಿಲ್ಲ, ಅದರಲ್ಲೂ ಹೆಂಡತಿಯ ಕೈಲಿ ಸೋತವನ ಮಾತಿಗೆ. ನಮ್ಮ ರಾಯದುರ್ಗದಲ್ಲಿ ಬೀದಿಬೀದಿಗೂ ಜೀನ್ಸ್ ಹೊಲಿಯುವ ಮಷಿನ್ನುಗಳು. ನಮ್ಮ ಮನೆಯಲ್ಲೇ ನಾಲ್ಕಿವೆ. ಹೊಲಿದ ಪ್ಯಾಂಟುಗಳಲ್ಲಿ ಜೋತಾಡುವ ದಾರ ಕತ್ತರಿಸುವುದು ಮಾತ್ರ ಯಾರಿಗೂ ಬೇಡದ ಕೆಲಸ. ಅದಕ್ಕೇ ನಾನೂ ಹೆಂಡತಿ ರಾಧಿಕಾಳೂ ಸಂಜೆ ಕಂಪ್ಯೂಟರಿನಲ್ಲಿ ಕಾರ್ ರೇಸ್ ಆಡುತ್ತೇವೆ. ಪರದೆಯ ಮೇಲರ್ಧ ನನ್ನದು, ಕೆಳಗರ್ಧ ಅವಳದು. ಸೋತವರು ಕತ್ತರಿ ಹಿಡಿಯಬೇಕು. (ಯುಗಾದಿ ಆರ್ಡರ್ ಶುರುವಾದಾಗಿನಿಂದ ಕತ್ತರಿ ನನ್ನ ಕೈ ಬಿಟ್ಟಿಲ್ಲ.)

“ಚಿತ್ರ ಮಸುಕು ಐತಿ. ತಿರುವು ಕಾಣಂಗಿಲ್ಲ” ಎಂದೆ ಒಂದು ದಿನ.

“ಮ್ಯಾಲ ಮಸುಕು, ಕೆಳಗ ಸ್ವಚ್ಛ ಇರ್ತದೇನ್ರಿ? ನನಗ ಕಾಣ್ತದಲ್ಲ?”

ಇಂಥ ತರ್ಕಕ್ಕೆ ಉತ್ತರಿಸುವುದು ಪತಿಮಹಾಶಯರ ಘನತೆಗೆ ತಕ್ಕುದಲ್ಲ. ಬಳ್ಳಾರಿ ಬಸ್ಸು ಹತ್ತಿದೆ. ಅಂಗಡಿಯವನು ಗ್ರಾಫಿಕ್ಸ್ ಕಾರ್ಡ್ ತೋರಿಸಿ, “ಇದನ್ನ ಹಾಕಿದ್ರ ರೋಡಿನ ಮ್ಯಾಲಿನ ಹರಳು ಎಣಿಸಬಹುದ್ರಿ. ನಿಮ್ಮ ಮಾನಿಟರ್ ಯಾವ್ದು?” ಎಂದ. ನಾನು ಮೊದಲಿನ ಮಾತನ್ನಷ್ಟೇ ಕೇಳಿಸಿಕೊಂಡೆ.

ಕಾರ್ಡನ್ನು ಕಂಡ ನಮ್ಮವ್ವ ಓಬಮ್ಮ, “ಇದಕ್ಕ ಎರಡು ಫ್ಯಾನು. ಮಷಿನ್ ಹೊಲಿಯೋರಿಗೆ ಒಂದೂ ಇಲ್ಲ” ಎಂದು ಸೆರಗಿನಿಂದ ಗಾಳಿ ಹಾಕಿಕೊಂಡಳು.

ಕಾರ್ಡ್ ಕೂರಿಸಿ ಭೀಷಣ ಶಪಥ ಮಾಡಿದೆ: “ಇವತ್ತು ಸೋತ್ರ ಯುಗಾದಿ ಮುಗಿಯೋತನಕ ಎಲ್ಲಾ ದಾರ ನಂದು. ಗೆದ್ರ ಎಲ್ಲಾ ನಿಂದು!”

ರೆಸಲ್ಯೂಷನ್, ಅಂದರೆ ಚಿತ್ರದ ಅಳತೆ, ಅತಿ ದೊಡ್ಡದನ್ನೇ ಆರಿಸಿ ಒತ್ತಿದೆ. ಪರದೆ ಕಾಡಿಗೆಯಷ್ಟು ಕಪ್ಪಾಯಿತು.

“ಕರೆಂಟ್ ಹೋತೇನೋ ಶಂಕ್ರಾ?” ಎಂದಳು ಅವ್ವ.

“ಇಲ್ಲವ್ವಾ, ಮಾನಿಟರ್ ಹಳೇದು. ಇಷ್ಟು ದೊಡ್ಡ ಚಿತ್ರ ಅದರಾಗ ಹಿಡಿಯವಲ್ದು.”

“ಮೂವತ್ತರ ಪ್ಯಾಂಟಿನಾಗ ನಲವತ್ತರ ಹೊಟ್ಟಿ ತುರುಕಿದಂಗ” ಎಂದು ರಾಧಿಕಾ ವಿನಾಕಾರಣ ನನ್ನ ಹೊಟ್ಟೆ ನೋಡಿದಳು.

ಸ್ವಲ್ಪ ಹೊತ್ತಿಗೆ ಪರದೆ ತಾನೇ ಹಳೇ ಅಳತೆಗೆ ಮರಳಿತು. ಅದೇ ಚಿತ್ರ, ಅದೇ ಮಸುಕು.

“ಹೊಸ ಪ್ಯಾಂಟನ್ನ ಕಲ್ಲು ಹಾಕಿ ತೊಳೆದು ತೊಳೆದು ಹಳೇದು ಮಾಡೋದು ನಮ್ಮೂರ ಕಸುಬಲ್ಲೇನ್ರಿ? ನಿಮ್ಮ ಕಾರ್ಡೂ ಸ್ಟೋನ್‌ವಾಶ್ ಆಗೇತಿ!” ಎಂದಳು ರಾಧಿಕಾ.

ರೇಸ್ ನಡೆಯಿತು. ಮೊದಲೆಲ್ಲ ನನ್ನ ಕಾರು ತಡೆತಡೆದು ಹೋಗಿ ಗೋಡೆಗೆ ಗುದ್ದುತ್ತಿತ್ತು. ಈ ಸಲ ಹೊಸ ಕಾರ್ಡಿನ ದಯೆಯಿಂದ ಎಲ್ಲೂ ತಡೆಯದೆ ಹೋಗಿ ಗುದ್ದಿತು.

ಮಾತು ಕೊಟ್ಟವನು ಹಿಂದೆ ಸರಿಯುವಂತಿಲ್ಲ. ಒಂದು ರಾಶಿ ಪ್ಯಾಂಟಿನ ದಾರ ಕತ್ತರಿಸಿ ಹೆಮ್ಮೆಯಿಂದ ಮುಂದಿಟ್ಟೆ. ಅವ್ವ ಒಂದನ್ನೆತ್ತಿ, “ಇದೇನೋ, ಪ್ಯಾಂಟಿಗೆ ಮೀಸಿ ಬಂದಾವಲ್ಲ!” ಎಂದಳು.

“ಎಲ್ಲಿ?” ಎಂದೆ ಪ್ರಾಮಾಣಿಕವಾಗಿ.

ರಾಧಿಕಾ ನಗುತ್ತ ಒಂದು ಗೇಣುದ್ದದ ದಾರ ಹಿಡಿದು ನನ್ನ ಮೂಗಿನ ಮುಂದೆ ಆಡಿಸಿದಳು. ನಾನು ಅವಳ ಬೆರಳನ್ನಷ್ಟೇ ನೋಡುತ್ತಿದ್ದೆ. ಅವಳ ನಗು ನಿಂತಿತು.

“ಅಯ್ಯ ನಮ್ಮಪ್ಪಾ, ಮಸುಕಾಗಿರೋದು ಮಾನಿಟರ್ ಅಲ್ರೀ, ಕಣ್ಣು! ನಡೀರಿ ಕನ್ನಡಕದ ಅಂಗಡಿಗೆ.”

ದಾರಿಯುದ್ದಕ್ಕೂ ಕೈ ಹಿಡಿದುಕೊಂಡೇ ನಡೆಸಿದಳು. ಮದುವೆಯಾದಾಗಿನಿಂದ ಬಜಾರಿನಲ್ಲಿ ಅವಳು ನನ್ನ ಕೈ ಹಿಡಿದದ್ದು ಅದೇ ಮೊದಲು. ಕುಣಿಯುವಷ್ಟು ಸಂತೋಷವಾಯಿತು, ಆದರೆ ಕಣ್ಣು ಕಾಣದವನು ಕುಣಿದರೆ ಅನುಮಾನ ಬರುತ್ತದೆಂದು ಸುಮ್ಮನೆ ತಡವರಿಸುತ್ತ ನಡೆದೆ.

ಕನ್ನಡಕ ಬಂತು. ನಾನು ಎದೆಯುಬ್ಬಿಸಿ, “ಇಷ್ಟು ದಿನ ಸೋತದ್ದು ನಾನಲ್ಲ, ನನ್ನ ಕಣ್ಣು. ಹಳೇ ಲೆಕ್ಕ ರದ್ದು, ಹೊಸದಾಗಿ ಆಡೋಣ” ಎಂದೆ. ಅವಳು ಮರುಮಾತಿಲ್ಲದೆ ಒಪ್ಪಿ, ನನ್ನ ಪಕ್ಕ ಕೂತಳು.

ಈಗ ಅದೇ ಹಳೇ ಮಾನಿಟರಿನಲ್ಲಿ ಎಲ್ಲವೂ ಸ್ಫಟಿಕದಷ್ಟು ಸ್ವಚ್ಛ. ರೋಡಿನ ಮೇಲಿನ ಹರಳೂ ಕಾಣುತ್ತದೆ. ನನ್ನನ್ನು ದಾಟಿ ಮುಂದೆ ಹೋಗುವ ರಾಧಿಕಾಳ ಕಾರಿನ ನಂಬರ್ ಪ್ಲೇಟನ್ನು ದಿನಾ ಸಂಜೆ ಒಂದಕ್ಷರ ಬಿಡದೆ ಓದುತ್ತೇನೆ. ಆಮೇಲೆ ಕನ್ನಡಕ ಒರೆಸಿಕೊಂಡು ಕತ್ತರಿ ಹುಡುಕುತ್ತೇನೆ.