ಕಾದಂಬರಿಯ ಅತ್ತೆ, ಎರಿನ್ ಮಿಲ್ಸಿನ ಅತ್ತೆ

ಬರೆಯುವವರಿಗೆ ವಿಮರ್ಶಕರ ಭಯ ಅಂತ ಜನ ತಿಳಿದಿದ್ದಾರೆ. ನನಗೆ ಮಾತ್ರ ಏನು ಬರೆದರೂ ಫಜೀತಿ ಶುರುವಾಗುವುದು ನೆಂಟರ ಮನೆಯಲ್ಲೇ. ನಾನು ಅಮೆರಿಕದ ಲೇಖಕಿ. ಅಂದರೆ ಧಾರವಾಡದಲ್ಲಿ ಹುಟ್ಟಿ, ಇಪ್ಪತ್ತೆರಡು ವರ್ಷದಿಂದ ಬಫೆಲೋದಲ್ಲಿದ್ದು, ಆಸ್ಪತ್ರೆಯ ಲ್ಯಾಬಿನಲ್ಲಿ ದುಡಿಯುತ್ತಲೇ ಒಂಬತ್ತು ವರ್ಷ ತಿದ್ದಿ ತಿದ್ದಿ ಇಂಗ್ಲಿಷಿನಲ್ಲಿ ಒಂದು ಕಾದಂಬರಿ ಬರೆದವಳು. ಅದರಲ್ಲೊಬ್ಬ ಅತ್ತೆ ಇದ್ದಾಳೆ. ಸೊಸೆ ತೊಳೆದ ಪಾತ್ರೆಯನ್ನು ಮತ್ತೆ ತೊಳೆಯುತ್ತಾಳೆ, ಸೊಸೆಯ ಸಾರಿಗೆ ಅವಳ ಕಣ್ಣೆದುರೇ ಉಪ್ಪು ಹಾಕುತ್ತಾಳೆ. ಆಕೆಯನ್ನು ಎಲ್ಲಿಂದ ತಂದೆ ಅಂತ ನನ್ನ ಗಂಡನಿಗೂ ಹೇಳಿಲ್ಲ. ನಿಮ್ಮ ಅಮ್ಮನಿಂದಲೇ ಅಂತ ಯಾವ ಬಾಯಲ್ಲಿ ಹೇಳಲಿ?

೧. ಗಡಿಯಲ್ಲಿ

ಅತ್ತೆ ಇರುವುದು ಗಡಿಯಾಚೆ ಕೆನಡಾದಲ್ಲಿ, ಮಿಸಿಸಾಗ ಊರಿನ ಎರಿನ್ ಮಿಲ್ಸಿನಲ್ಲಿ, ನನ್ನ ಮೈದುನನ ಮನೆಯಲ್ಲಿ. ಪುಸ್ತಕ ಬಂದ ತಿಂಗಳಲ್ಲೇ ಹೋಗಬೇಕಾಯಿತು. ಗಡಿಯಲ್ಲಿ ಆಫೀಸರು ಉದ್ಯೋಗ ಕೇಳಿದ. ಹೊಸ ಹುರುಪು, ಲೇಖಕಿ ಅಂದೆ. ಏನು ಬರೆದಿದ್ದೀರಿ ಅಂದ. ಕೆಟ್ಟ ಅತ್ತೆಯೊಬ್ಬಳ ಕಥೆ ಅಂದೆ. ಈಗ ಎಲ್ಲಿಗೆ ಅಂದ. ಅತ್ತೆ ಮನೆಗೆ ಅಂದೆ. ಪಾಸ್‌ಪೋರ್ಟು ಕೈಯಲ್ಲೇ ಹಿಡಿದುಕೊಂಡು ನನ್ನ ಮುಖ ನೋಡಿದ.

"ಅವರು ಓದಿದ್ದಾರಾ?"

ಇಲ್ಲ, ಅವರಿಗೆ ಇಂಗ್ಲಿಷ್ ಬರುವುದಿಲ್ಲ ಅಂದೆ. ಹಾಗಾದರೆ ಹೋಗಿ ಅಂತ ಗೇಟು ತೆಗೆದ.

೨. ಸಿಂಕಿನ ಹತ್ತಿರ

ಆ ಧೈರ್ಯ ಸಂಜೆಯ ಚಹಾದ ತನಕ ಇತ್ತು. ಹೈಸ್ಕೂಲಿಗೆ ಹೋಗುವ ಮೈದುನನ ಮಗಳು ದಿನಾ ಒಂದಷ್ಟು ಪುಟ ಅಜ್ಜಿಗೆ ಅರ್ಧ ಕನ್ನಡ, ಅರ್ಧ ಇಂಗ್ಲಿಷಿನಲ್ಲಿ ಓದಿ ಹೇಳಿ ಮುಗಿಸಿದ್ದಳಂತೆ. ನಾನು ಕಪ್ಪು ತೊಳೆದಿಟ್ಟೆ. ಅತ್ತೆ ಅದನ್ನೆತ್ತಿಕೊಂಡು ಮತ್ತೆ ತೊಳೆಯುತ್ತಾ, "ನಿನ್ನ ಪುಸ್ತಕ ಪೂರಾ ಕೇಳೇನಿ" ಅಂದರು. ಅವರು ಕಪ್ಪು ಒರೆಸಿ, ಬೆಳಕಿಗೆ ಹಿಡಿದು ನೋಡಿ, "ಭಾಳ ಕೆಟ್ಟ ಹೆಣಮಗಳು ಬಿಡು" ಅಂದರು. ಯಾರು, ಆಕೆಯೋ ನಾನೋ ಅಂತ ಕೇಳಲು ನಾನೇನು ದಡ್ಡಳೇ?

೩. ಮಂಚದ ಕೆಳಗೆ

ಎರಡು ತಿಂಗಳ ಮೇಲೆ ಮಿಸಿಸಾಗದ ಒಂದು ಲೈಬ್ರರಿಯಿಂದ ಈಮೇಲು ಬಂತು. ನನ್ನ ಪುಸ್ತಕ ಕಪಾಟಿನಲ್ಲಿ ನಿಲ್ಲುತ್ತಲೇ ಇಲ್ಲವಂತೆ. ಬೇಡಿಕೆ ನೋಡಿ ಇನ್ನಷ್ಟು ಪ್ರತಿ ತರಿಸಿದ್ದಾರಂತೆ. ಬಂದು ಓದುಗರ ಜೊತೆ ಮಾತಾಡಬೇಕಂತೆ. ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಕಾರ್ಯಕ್ರಮದ ಹಿಂದಿನ ದಿನವೇ ಎರಿನ್ ಮಿಲ್ಸಿಗೆ ಹೋದೆ. ಅತ್ತೆಯ ಕೋಣೆಯಲ್ಲಿ ಹೊದಿಕೆ ಹುಡುಕುತ್ತಾ ಮಂಚದ ಕೆಳಗೆ ಬಗ್ಗಿದರೆ ನನ್ನ ಕಾದಂಬರಿಯ ಹನ್ನೆರಡು ಪ್ರತಿ, ಎಲ್ಲಕ್ಕೂ ಲೈಬ್ರರಿಯ ಚೀಟಿ. ಚಳಿಗಾಲದಲ್ಲಿ ಅತ್ತೆಯ ಜೊತೆ ಮಾಲಿನೊಳಗೆ ವಾಕಿಂಗ್ ಮಾಡುವ ಹೆಂಗಸರ ಲೈಬ್ರರಿ ಕಾರ್ಡಿನಲ್ಲೆಲ್ಲ ಒಂದೊಂದು ತರಿಸಿದ್ದರು. "ಸಾರಿ ದೊಡ್ಡಮ್ಮ, ಅಜ್ಜಿ ಡಸಂಟ್ ವಾಂಟ್ ಎನಿವನ್ ಟು ರೀಡ್ ಇಟ್" ಅಂದಳು ಹುಡುಗಿ. ನನ್ನ ಅಭಿಮಾನಿ ಬಳಗವೆಲ್ಲ ಒಂದೇ ಮಂಚದ ಕೆಳಗಿತ್ತು.

೪. ಮೊದಲ ಸಾಲಿನಲ್ಲಿ

ಮರುದಿನ ಲೈಬ್ರರಿಯಲ್ಲಿ ಅತ್ತೆ ಇಳಕಲ್ ಸೀರೆಯ ಮೇಲೆ ದಪ್ಪ ಕೋಟು ತೊಟ್ಟು ಮೊದಲ ಸಾಲಿನಲ್ಲೇ ಕೂತರು. ನಾನು ಒಂದು ಅಧ್ಯಾಯ ಓದಿದೆ. ಕೊನೆಗೆ ಒಬ್ಬರು ಕೇಳಿಯೇಬಿಟ್ಟರು: ಆ ಅತ್ತೆ ನಿಜವಾಗಿಯೂ ಇದ್ದಾರಾ? ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಎದ್ದು ನಿಂತರು. ಮುಗಿಯಿತು ನನ್ನ ಕಥೆ, ಇನ್ನು ಅವರ ಮನೆಗೆ ಕಾಲಿಡುವ ಹಾಗಿಲ್ಲ ಅಂದುಕೊಂಡೆ.

ಅವರು ಹೇಳಿದ್ದನ್ನು ಮೊಮ್ಮಗಳು ಇಂಗ್ಲಿಷಿನಲ್ಲಿ ಹೇಳಿದಳು. ಇದೆಲ್ಲ ಬರೀ ಕಲ್ಪನೆ, ಅಂಥ ಹೆಂಗಸು ಎಲ್ಲೂ ಇಲ್ಲ, ಇವಳ ಅತ್ತೆ ನಾನು, ನನಗೆ ಗೊತ್ತು. ಜನ ಚಪ್ಪಾಳೆ ತಟ್ಟಿದರು. ನನಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಇಂಥ ದೊಡ್ಡ ಮನಸ್ಸಿನವರನ್ನು ಹಾಗೆ ಬರೆದೆನಲ್ಲ!

ಕಾರಿನಲ್ಲಿ ಕೂತ ಕೂಡಲೇ ಅವರ ಕೈ ಹಿಡಿದುಕೊಂಡೆ.

"ತಪ್ಪಾತ್ರಿ ಅತ್ತಿ. ಹಂಗ ಬರೀಬಾರದಿತ್ತು."

"ಹೌದವಾ, ನಿಮ್ಮವ್ವನ್ನ ಹಂಗ ಬರೀಬಾರದಿತ್ತು ನೀ. ಆಕಿ ತನ್ನ ಸೊಸಿಗೆ ಏನ ಕಾಟ ಕೊಟ್ಟರೂ ಅದು ನಿಮ್ಮ ಮನಿಯೊಳಗಿನ ಮಾತು. ಬೀಗತಿ ಮಾನ ಹೋಗಬಾರದಂತ ಆ ಪುಸ್ತಕ ಎಲ್ಲಾ ಮುಚ್ಚಿಟ್ಟಿದ್ದೆ."

ಅತ್ತೆ ಸೀಟ್‌ಬೆಲ್ಟು ಹಾಕಿಕೊಂಡು ನನಗೆ ಸಮಾಧಾನ ಹೇಳಿದರು.

"ಮುಂದಿನ ಪುಸ್ತಕದಾಗ ನನ್ನ ಬಗ್ಗೆ ಬರಿ. ಬೈಯಾಕ ಏನೂ ಸಿಗೂದಿಲ್ಲ, ಯಾರಿಗೂ ಬ್ಯಾಸರ ಆಗೂದಿಲ್ಲ."